ಹಚ್ಚೆಯೂ ಕಾಣಬೇಕು, ಮಾರಿಯೂ ಕಾಣಬೇಕು: ಕಲಬುರಗಿಯ ಒಂದು ಸ್ಟುಡಿಯೋ ಕುರಿತು

ಒಳ್ಳೆಯ ಸ್ಟುಡಿಯೋ ಒಂದರ ಬಗ್ಗೆ ಬರೆಯಲು ಹೊರಟಿದ್ದರೂ ಮಾತನ್ನು ಒಂದು ಕೆಟ್ಟ ಫೋಟೋದಿಂದಲೇ ಆರಂಭಿಸಬೇಕಾಗಿದೆ. ಹೋದ ವರ್ಷದ ಬೇಸಿಗೆಯಲ್ಲಿ, ಎಂಬತ್ತು ದಾಟಿದ ನಮ್ಮ ಆಯಿಯ, ಅಂದರೆ ಅಜ್ಜಿಯ, ಒಂದು ಚೆಂದದ ಫೋಟೋವನ್ನು ಆಕೆ ಗಟ್ಟಿಯಾಗಿರುವಾಗಲೇ ತೆಗೆಸಿಡಬೇಕೆಂದು ಮನೆಯವರೆಲ್ಲ ಮಾತಾಡಿಕೊಂಡು, ನಗರದ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ನಾಲ್ಕನೆಯ ದಿನ ಕೈಗೆ ಬಂದ ಚಿತ್ರದಲ್ಲಿ ಕುಳಿತಿದ್ದ ಹೆಂಗಸು ಆಯಿಯ ಸೀರೆ ಉಟ್ಟಿದ್ದಳು, ಆಯಿಯ ಮೂಗುತಿ ಇಟ್ಟಿದ್ದಳು, ಆದರೆ ಆಯಿ ಆಗಿರಲಿಲ್ಲ. ಹುಬ್ಬುಗಳ ನಡುವಿನ ಹಚ್ಚೆ ಇರಲಿಲ್ಲ. ಗದ್ದದ ಮೇಲಿನ ಮೂರು ಚುಕ್ಕಿಗಳಲ್ಲಿ ಎರಡು ಪೂರ್ತಿ ಅಳಿಸಿಹೋಗಿ, ಮೂರನೆಯದು ಮಾತ್ರ ಅರ್ಧ ಉಳಿದು ಮಚ್ಚೆಯಂತೆ ಕಾಣುತ್ತಿತ್ತು. ಬಣ್ಣವಂತೂ ಎರಡು ಪಟ್ಟು ಬೆಳ್ಳಗಾಗಿತ್ತು. ಆಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಈಕಿ ಯಾಕಿ? ನನ್ನ ಹಣಚಿಬೊಟ್ಟ ಎಲ್ಲಿ ಹೋದ್ವು?” ಎಂದು ಕೇಳಿದಳು.

ಆಕೆಯ ಸಿಟ್ಟಿಗೆ ಕಾರಣವಿತ್ತು. ಚಿಂಚೋಳಿ ತಾಲೂಕಿನ ಹಳ್ಳಿಯಲ್ಲಿ ಆಕೆ ಇನ್ನೂ ಹುಡುಗಿಯಾಗಿದ್ದಾಗ, ಊರೂರು ತಿರುಗುತ್ತ ಬಂದ ಕೊರವಂಜಿಯೊಬ್ಬಳು ಕಾಡಿಗೆಯ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ಒಂದು ಸೇರು ಜೋಳ ಮತ್ತು ಹಳೆಯ ಕುಪ್ಪಸಕ್ಕೆ ಹಾಕಿದ ಹಚ್ಚೆ ಅದು. ಬಂಗಾರ ಇಲ್ಲಿಯೇ ಉಳಿಯುತ್ತದೆ, ಹಚ್ಚೆಯೊಂದೇ ಸಂಗಟ ಬರುತ್ತದೆ ಎಂಬ ಮಾತನ್ನು ನಮ್ಮ ಭಾಗದ ಹಿರಿಯ ಹೆಂಗಸರು ಇಂದಿಗೂ ಹೇಳುತ್ತಾರೆ. ಅಂಥದ್ದನ್ನು ಕಂಪ್ಯೂಟರ್ ಮುಂದೆ ಕುಳಿತ ಹುಡುಗ ಯಾರನ್ನೂ ಕೇಳದೆ ಒಂದು ಗುಂಡಿ ಒತ್ತಿ ತೆಗೆದುಹಾಕಿದ್ದ. ನಾನು ಹೋಗಿ ವಿಚಾರಿಸಿದಾಗ ಆತ ತಬ್ಬಿಬ್ಬಾದನೇ ಹೊರತು ಉದ್ಧಟತನ ತೋರಲಿಲ್ಲ. “ಕಲಿ ಇದ್ವು ಅಂತ ತೆಗದೀನ್ರಿ, ಎಲ್ಲಾರೂ ತೆಗೀರಿ ಅಂತಾರ” ಎಂದ. ಚರ್ಮವನ್ನು ನುಣುಪು ಮಾಡುವ ಸಾಫ್ಟ್‌ವೇರ್‌ಗೆ ಮೊಡವೆಯೂ ಹಚ್ಚೆಯೂ ಒಂದೇ. ಸುತ್ತಲಿನ ಬಣ್ಣಕ್ಕಿಂತ ಕಪ್ಪಗಿರುವ ಸಣ್ಣ ಗುರುತನ್ನೆಲ್ಲ ಅದು ದೋಷವೆಂದೇ ಎಣಿಸುತ್ತದೆ.

ಆ ಬಳಿಕ ಪರಿಚಿತರೊಬ್ಬರ ಮೂಲಕ ಗೊತ್ತಾದದ್ದು ಈ ಸ್ಟುಡಿಯೋ. ಸೇಡಂ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ, ಔಷಧದ ಅಂಗಡಿಯ ಮೇಲಿನ ಮೊದಲ ಮಹಡಿಯಲ್ಲಿದೆ. ನಡೆಸುವವರು ಒಬ್ಬರೇ, ಜೊತೆಗೆ ಬೆಳಕು ಹಿಡಿಯಲು ಒಬ್ಬ ಹುಡುಗ. ಮದುವೆಗಳೇ ಅವರ ಹೊಟ್ಟೆಪಾಡು. ವಾರದಲ್ಲಿ ಎರಡು ದಿನ ಮಾತ್ರ ಕೂರಿಸಿ ಫೋಟೋ ತೆಗೆಯುತ್ತಾರೆ. ಹೆಸರು ಬರೆಯಬೇಡಿ, ಬರೆದರೆ ಎಲ್ಲರೂ ಪಾಸ್‌ಪೋರ್ಟ್ ಫೋಟೋಗೇ ಬರುತ್ತಾರೆ ಎಂದು ಅವರು ನಗುತ್ತ ಕೋರಿದ್ದರಿಂದ ನಾನೂ ಬರೆಯುತ್ತಿಲ್ಲ. ಬೇಕಾದವರು ವಿಳಾಸವನ್ನು ನನ್ನಲ್ಲಿ ಕೇಳಿ ಪಡೆಯಬಹುದು. ನಾವು ಹೋದದ್ದು ಮೂವರು: ಮುಖದ ಮೇಲೂ ತೋಳುಗಳ ಮೇಲೂ ಎಪ್ಪತ್ತು ವರ್ಷದ ಹಚ್ಚೆ ಇರುವ ಆಯಿ, ಎಡ ಮುಂಗೈ ಮೇಲೆ ತೊಗರಿಯ ಒಂದು ಟೊಂಗೆಯನ್ನು ತೆಳುಗೆರೆಯಲ್ಲಿ ಬರೆಸಿಕೊಂಡಿರುವ ನಾನು, ಭುಜದಿಂದ ಮೊಳಕೈವರೆಗೆ ಕೆಂಪು, ಹಳದಿ, ಹಸಿರು ತುಂಬಿಸಿಕೊಂಡಿರುವ ನನ್ನ ಕಾಕಾನ ಮಗ. ಒಂದೇ ದಿನ ಮೂರು ಬಗೆಯ ಹಚ್ಚೆ, ಮೂರು ವಯಸ್ಸಿನ ಚರ್ಮ ಅವರ ಮುಂದೆ ಕುಳಿತಂತಾಯಿತು.

ಮೊದಲ ಅರ್ಧ ಗಂಟೆ ಕ್ಯಾಮೆರಾ ಹೊರಗೆ ಬರಲೇ ಇಲ್ಲ. ಅವರು ಆಯಿಯ ಎದುರು ಸ್ಟೂಲು ಹಾಕಿಕೊಂಡು ಕುಳಿತು, ಚಹಾ ತರಿಸಿ, ಹಣೆಯ ಹಚ್ಚೆಯ ಒಂದೊಂದು ಗೆರೆಯನ್ನೂ ಕೇಳಿ ತಿಳಿದುಕೊಂಡರು. ಯಾವುದು ತವರಿನಲ್ಲಿ ಹಾಕಿದ್ದು, ಯಾವುದು ಗಂಡನ ಮನೆಗೆ ಬಂದ ಮೇಲಿನದು, ಕೆನ್ನೆಯ ಆ ಚುಕ್ಕಿ ಹಚ್ಚೆಯೋ ಮಚ್ಚೆಯೋ ಎಂದೆಲ್ಲ ವಿಚಾರಿಸಿ ಒಂದು ಹಾಳೆಯ ಮೇಲೆ ಮುಖದ ಗೆರೆಚಿತ್ರ ಬರೆದು ಗುರುತು ಹಾಕಿಕೊಂಡರು. ಟಚಪ್ ಮಾಡುವಾಗ ಆ ಹಾಳೆ ಕಂಪ್ಯೂಟರ್ ಪಕ್ಕದಲ್ಲಿರುತ್ತದಂತೆ. ಕೆನ್ನೆಯ ಚುಕ್ಕಿ ಮಚ್ಚೆಯೇ ಆಗಿತ್ತು. ಅದನ್ನು ಉಳಿಸಬೇಕೋ ತೆಗೆಯಬೇಕೋ ಎಂದು ಕೇಳಿದ್ದಕ್ಕೆ ಆಯಿ, “ಅದೂ ಇರ್ಲಿ ತಮ್ಮಾ, ಹುಟ್ಟಿದಾಗಿಂದ ಅದ” ಎಂದಳು.

ಬೆಳಕಿನ ವಿಷಯದಲ್ಲಿ ಅವರ ತಿಳಿವಳಿಕೆ ನನ್ನ ಊಹೆಯನ್ನು ತಲೆಕೆಳಗು ಮಾಡಿತು. ಮುಖದ ಮೇಲಿನ ಗುರುತು ಎದ್ದು ಕಾಣಬೇಕಾದರೆ ಒಂದು ಮಗ್ಗುಲಿನಿಂದ ಚೂಪಾದ ಬೆಳಕು ಬಿಡಬೇಕೆಂದು ನಾನು ತಿಳಿದಿದ್ದೆ. ಅವರು ಹಾಗೆಯೇ ಒಂದು ಫೋಟೋ ತೆಗೆದು ತೋರಿಸಿದರು. ಸುಕ್ಕುಗಳೆಲ್ಲ ಉಳುಮೆ ಮಾಡಿದ ಹೊಲದ ಸಾಲಿನಂತೆ ಎದ್ದು ನಿಂತಿದ್ದವು, ಹಚ್ಚೆ ಮಾತ್ರ ಆ ನೆರಳುಗಳ ನಡುವೆ ಹೂತುಹೋಗಿತ್ತು. ಸುಕ್ಕು ಎನ್ನುವುದು ಉಬ್ಬುತಗ್ಗು, ಅದಕ್ಕೆ ಅಡ್ಡ ಬೆಳಕು ಬೇಕು. ಹಚ್ಚೆ ಉಬ್ಬಲ್ಲ, ಚರ್ಮದೊಳಗಿನ ಬಣ್ಣ. ಮಸಿ ನಿಂತಿರುವುದು ಮೇಲ್ಪದರದ ಕೆಳಗೆ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ. ಮೇಲ್ಪದರ ಗಾಜಿದ್ದಂತೆ, ಗಾಜಿನ ಮೇಲೆ ಹೊಳಪು ಬಿದ್ದರೆ ಒಳಗಿರುವುದು ಕಾಣುವುದಿಲ್ಲ. ಹೊಳಪನ್ನು ಸರಿಸಿದರೆ ಸಾಕು, ಹಚ್ಚೆ ತಾನೇ ಮೇಲೆ ಬರುತ್ತದೆ ಎಂಬುದು ಅವರ ಲೆಕ್ಕ.

ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಆಟೋದಲ್ಲಿ ಬಂದ ಮುದುಕಿಯ ಹಣೆ ಹೊಳೆಯದೆ ಇರುತ್ತದೆಯೇ? ಬೇರೆಡೆ ಇಂಥ ಹೊತ್ತಿಗೆ ಪೌಡರ್ ಬಳಿಯುತ್ತಾರೆ. ಇಲ್ಲಿ ಪೌಡರ್ ಮುಟ್ಟಲಿಲ್ಲ, ಅದು ಹಚ್ಚೆಯ ಮೇಲೆ ಬಿಳಿ ಪರದೆಯಂತೆ ಕೂರುತ್ತದೆ ಎಂದು. ತೆಳುವಾದ ಕಾಗದದಿಂದ ಒತ್ತಿ ಒತ್ತಿ ಎಣ್ಣೆ ಹೀರಿಸಿದರು, ಉಜ್ಜಲಿಲ್ಲ. ನಂತರ ಬೆಳಕನ್ನು ಮೆತ್ತಗೆ ಹರಡುವ, ಸುಮಾರು ನಾಲ್ಕು ಅಡಿ ಅಗಲದ ಸಾಫ್ಟ್‌ಬಾಕ್ಸನ್ನು ಮುಖಕ್ಕೆ ಬಹಳ ಹತ್ತಿರ, ಸ್ವಲ್ಪ ಮೇಲಿನಿಂದ, ಎಡ ಓರೆಯಲ್ಲಿ ನಿಲ್ಲಿಸಿ, ಅದರ ಬಾಯಿಗೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ, ಬೂದಿ ಬಣ್ಣದ ಪೋಲರೈಸಿಂಗ್ ಹಾಳೆಯೊಂದನ್ನು ಅಂಟಿಸಿದರು. ಲೆನ್ಸಿನ ಮುಂದೆಯೂ ಇನ್ನೊಂದು ಪೋಲರೈಸರ್. ಲೆನ್ಸಿನದನ್ನು ತಿರುಗಿಸುತ್ತ ಹೋದಂತೆ ಚರ್ಮದ ಮೇಲಿನ ಹೊಳಪು ಕ್ರಮೇಣ ಆರುತ್ತದೆ. ಎರಡೂ ಒಂದಕ್ಕೊಂದು ಅಡ್ಡ ನಿಂತಾಗ ಹೊಳಪು ಪೂರ್ತಿ ಹೋಗುತ್ತದೆ, ಏಕೆಂದರೆ ಚರ್ಮದ ಮೇಲಿಂದಲೇ ಪುಟಿದು ಬರುವ ಬೆಳಕು ತನ್ನ ಕಂಪನದ ದಿಕ್ಕನ್ನು ಕಾಯ್ದುಕೊಂಡಿರುತ್ತದೆ, ಒಳಗೆ ಹೊಕ್ಕು ಚದುರಿ ಹೊರಬರುವ ಬೆಳಕು ಅದನ್ನು ಕಳೆದುಕೊಂಡಿರುತ್ತದೆ. ಮೊದಲನೆಯದನ್ನು ತಡೆದರೆ ಉಳಿಯುವುದು ಒಳಗಿನ ಬಣ್ಣ ಮಾತ್ರ.

ಅವರ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆ ತಿರುವನ್ನು ನಾನು ಕಣ್ಣಾರೆ ಕಂಡೆ. ಮೊದಲ ಚಿತ್ರದಲ್ಲಿ ಹುಬ್ಬಿನ ನಡುವೆ ಒಂದು ಮಸುಕು ನೆರಳಿತ್ತು. ಎರಡನೆಯದರಲ್ಲಿ ಅದು ಗೆರೆಯಾಯಿತು. ಮೂರನೆಯದರಲ್ಲಿ, ನಲವತ್ತು ವರ್ಷ ಆಯಿಯನ್ನು ದಿನವೂ ನೋಡಿದ ನನ್ನ ಅವ್ವನೂ ಗಮನಿಸಿರದ ಎರಡು ಪುಟ್ಟ ಚುಕ್ಕಿಗಳು ಆ ಗೆರೆಯ ಆಚೀಚೆ ತೋರಿದವು. ಆಯಿ, “ಹೌದಲಾ, ಅವೂ ಇದ್ವು” ಎಂದು ಬೆರಳಿನಿಂದ ಹಣೆ ಮುಟ್ಟಿ ನೋಡಿಕೊಂಡಳು.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ, ಪೋಲರೈಸರನ್ನು ತುಸು ಹಿಂದಕ್ಕೆ ತಿರುಗಿಸಿದರು. ಕಾರಣ ಕೇಳಿದಾಗ ಕಣ್ಣು ತೋರಿಸಿದರು. ಹೊಳಪು ಪೂರ್ತಿ ಆರಿದ ಚಿತ್ರದಲ್ಲಿ ಕಣ್ಣಿನ ಮಿಂಚೂ ಆರಿತ್ತು, ಏಕೆಂದರೆ ಆ ಮಿಂಚು ಸಹ ಒದ್ದೆ ಕಣ್ಣಿನ ಮೇಲಿಂದ ಪುಟಿದ ಬೆಳಕೇ. ಮೂಗುತಿಯ ಬಂಗಾರ ತುಕ್ಕು ಹಿಡಿದ ಮೊಳೆಯಂತಾಗಿತ್ತು. ಈ ಪಾಠವನ್ನು ಅವರು ಕಲಿತದ್ದು ಬೀದರ್‌ನಲ್ಲಿ, ಮನುಷ್ಯರ ಮುಖದಿಂದಲ್ಲ, ಬಿದ್ರಿ ಹೂಜಿಗಳಿಂದ. ಕೆಲವು ವರ್ಷ ಅವರು ಬಿದ್ರಿ ಸಾಮಾನುಗಳ ಕ್ಯಾಟಲಾಗ್ ಚಿತ್ರ ತೆಗೆಯುವ ಕೆಲಸ ಮಾಡಿದ್ದರಂತೆ. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿಯ ಕುಸುರಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸಿದ ಆ ವಸ್ತುವಿನ ಮೇಲೆ ಅಡ್ಡ ಪೋಲರೈಸರ್ ಬಳಸಿದರೆ ಕಪ್ಪು ಚೆನ್ನಾಗಿ ಬರುತ್ತದೆ, ಬೆಳ್ಳಿಯೂ ಜೊತೆಗೇ ಕಪ್ಪಾಗುತ್ತದೆ. ಅಲ್ಲಿ ಬೆಳ್ಳಿ ಉಳಿಸಲು ಎಲ್ಲಿಯವರೆಗೆ ತಿರುಗಿಸಬೇಕೆಂದು ಕೈಗೆ ಬಂದ ಅಂದಾಜು, ಇಲ್ಲಿ ಆಯಿಯ ಕಣ್ಣು ಉಳಿಸಲು ಬಂತು. ಬೀದರ್ ಕಲಬುರಗಿಗಳ ನಡುವಿನ ಇಂಥ ಕೊಡುಕೊಳ್ಳುವಿಕೆ ಎಲ್ಲಿಯೂ ದಾಖಲಾಗುವುದಿಲ್ಲವೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಈ ಏರ್ಪಾಟಿಗೆ ಒಂದು ಬೆಲೆಯಿದೆ. ಎರಡು ಪೋಲರೈಸರ್ ಸೇರಿ ಸುಮಾರು 3 ಸ್ಟಾಪ್ ಬೆಳಕನ್ನು ನುಂಗುತ್ತವೆ, ಎಂದರೆ ಎಂಟರಲ್ಲಿ ಒಂದು ಪಾಲು ಮಾತ್ರ ಕ್ಯಾಮೆರಾ ತಲುಪುತ್ತದೆ. ಹಾಗಾಗಿ ಅವರು ಸದಾ ಉರಿಯುವ ಎಲ್‌ಇಡಿ ದೀಪ ಬಿಟ್ಟು ದೊಡ್ಡ ಫ್ಲಾಶ್ ಬಳಸುತ್ತಾರೆ. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ, ನಮ್ಮ ಗೋದಿ ಮತ್ತು ಕಪ್ಪು ಚರ್ಮ ಅದರಲ್ಲಿ ಬೂದಿ ಬಡಿದಂತೆ ಕಾಣುತ್ತದೆ ಎಂಬುದೂ ಒಂದು ಕಾರಣ. ಪ್ರತಿ ಸಾರಿ ಪೋಲರೈಸರ್ ತಿರುಗಿಸಿದಾಗಲೂ ಬೂದು ಬಣ್ಣದ ಕಾರ್ಡನ್ನು ಗದ್ದದ ಕೆಳಗೆ ಹಿಡಿಸಿ ಒಂದು ಚಿತ್ರ ತೆಗೆದುಕೊಂಡರು, ಬಣ್ಣವನ್ನು ಆಮೇಲೆ ಅದರ ಮೇಲೆಯೇ ಸರಿಹೊಂದಿಸುತ್ತಾರೆ. ಕೂರಿಸಿ ತೆಗೆಯುವ ಫೋಟೋಗೆ ಇಷ್ಟೊಂದು ತೊಡಕು ಬೇಕೇ ಎಂದು ಕೇಳುವವರು ಆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ನನ್ನ ಸರದಿ ಬೇಗ ಮುಗಿಯಿತು. ತೊಗರಿ ಟೊಂಗೆಯ ಗೆರೆಗಳು ತೆಳು ಮತ್ತು ಕಪ್ಪು, ಹಚ್ಚೆಗೆ ಇನ್ನೂ ಆರು ವರ್ಷ, ಬೆಳಕಿನ ಗೋಜಲು ಅಷ್ಟಿಲ್ಲ. ಇಲ್ಲಿ ತೊಡಕು ಇದ್ದದ್ದು ಕೈ ಇಡುವ ರೀತಿಯಲ್ಲಿ. ಮುಂಗೈಯನ್ನು ತಿರುಚಿದರೆ ಚರ್ಮದೊಂದಿಗೆ ಚಿತ್ರವೂ ತಿರುಚಿಕೊಳ್ಳುತ್ತದೆ, ನನ್ನ ತೊಗರಿಯ ಕಾಯಿಗಳು ಮೊದಲ ಚಿತ್ರದಲ್ಲಿ ಹುಣಸೆಯಷ್ಟು ಸೊಟ್ಟಗಾಗಿದ್ದವು. ಹಚ್ಚೆ ಹಾಕಿಸಿಕೊಂಡಾಗ ಕೈ ಹೇಗಿತ್ತೋ ಹಾಗೆಯೇ ಮೇಜಿನ ಮೇಲೆ ಇಡಲು ಹೇಳಿ, 85 ಮಿಲಿಮೀಟರ್ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿ ಮುಖ, ಮುಂಗೈ ಎರಡೂ ಸ್ಪಷ್ಟವಾಗಿ ಬರುವಂತೆ ತೆಗೆದರು. ಹಿನ್ನೆಲೆ ಕರಗಿಸುವ ಮೋಹದಿಂದ ಎಫ್/1.8ಕ್ಕೆ ಅಗಲ ತೆರೆದಿದ್ದರೆ ಕಣ್ಣು ಸಿಕ್ಕು ಕೈ ಕೈತಪ್ಪುತ್ತಿತ್ತು. ಕೈಯ ಕೂದಲು ತೆಗೆಸುವುದಿದ್ದರೆ ಎರಡು ದಿನ ಮೊದಲೇ ತೆಗೆಸಬೇಕು, ಅದೇ ಬೆಳಗ್ಗೆ ತೆಗೆಸಿದರೆ ಕೆಂಪು ಗುಳ್ಳೆ ಏಳುತ್ತವೆ ಎಂಬ ಸಲಹೆಯನ್ನು ಅವರು ಫೋನಿನಲ್ಲಿಯೇ ಕೊಟ್ಟಿದ್ದರು. ನಾನು ಮರೆತಿದ್ದೆ.

ಕಾಕಾನ ಮಗನನ್ನು ಮಾತ್ರ ಅಂದು ವಾಪಸು ಕಳಿಸಿದರು. ಅವನ ತೋಳಿನ ಕೆಳಭಾಗದ ಕೆಲಸ ಮುಗಿದು ಒಂಬತ್ತೇ ದಿನವಾಗಿತ್ತು, ಸಿಪ್ಪೆ ಏಳುತ್ತಿತ್ತು, ಅಂಚು ಕೆಂಪಾಗಿತ್ತು. ಹೊಸ ಹಚ್ಚೆಯ ಮೇಲ್ಪದರ ಮಾಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ತೆಗೆದ ಚಿತ್ರದಲ್ಲಿ ಕಾಣುವುದು ಗಾಯವೇ ಹೊರತು ಹಚ್ಚೆಯಲ್ಲ. ಬಂದ ಗಿರಾಕಿಯನ್ನು ಹಣ ಬಿಟ್ಟು ಕಳಿಸುವ ಅಂಗಡಿ ನಮ್ಮ ಊರಲ್ಲಿ ಅಪರೂಪವಾದ್ದರಿಂದ ಇದನ್ನು ಹೇಳಲೇಬೇಕು. ಒಂದೂವರೆ ತಿಂಗಳ ಮೇಲೆ ಅವನು ಮತ್ತೆ ಹೋದ.

ಅವನ ಚಿತ್ರದಲ್ಲಿಯೇ ಈ ಛಾಯಾಗ್ರಾಹಕರು ಎಡವಿದ್ದು. ಬಣ್ಣಗಳು ತುಂಬಿ ಬರಲೆಂದು ಪೋಲರೈಸರನ್ನು ಕೊನೆಯವರೆಗೂ ತಿರುಗಿಸಿದ್ದರು. ಕೆಂಪು, ಹಸಿರು ಅದ್ಭುತವಾಗಿ ಬಂದಿದ್ದವು, ಹುಡುಗ ಮಾತ್ರ ಗಣೇಶನ ಹಬ್ಬಕ್ಕೆ ಬಣ್ಣ ಬಳಿಯಲು ಕಾದಿರುವ ಮಣ್ಣಿನ ಮೂರ್ತಿಯಂತೆ ಕುಳಿತಿದ್ದ. ತೋಳಿನ ದುಂಡು, ಭುಜದ ಉಬ್ಬು ನಮ್ಮ ಕಣ್ಣಿಗೆ ತಿಳಿಯುವುದೇ ಅಲ್ಲಲ್ಲಿ ಬೀಳುವ ಹೊಳಪಿನಿಂದ. ಅದನ್ನು ಪೂರ್ತಿ ಕಿತ್ತರೆ ತೋಳು ಚಪ್ಪಟೆಯಾಗುತ್ತದೆ. ಆಯಿಯ ಮುಖದ ಮೇಲೆ ಇಷ್ಟು ಎಚ್ಚರ ವಹಿಸಿದವರು ಇಪ್ಪತ್ತಮೂರು ವರ್ಷದ ಹುಡುಗನ ವಿಷಯದಲ್ಲಿ ಹಚ್ಚೆಯೊಂದನ್ನೇ ನೋಡಿ ಹುಡುಗನನ್ನು ಮರೆತದ್ದು ನನಗೆ ಸೋಜಿಗವೆನಿಸಿತು. ಹೇಳಿದಾಗ ಒಪ್ಪಿಕೊಂಡರು. ಅದೇ ದಿನ ತೆಗೆದಿದ್ದ ಬೇರೆ ಚಿತ್ರವೊಂದನ್ನು ಆರಿಸಿ ಕೊಟ್ಟರು, ಅದು ಪರವಾಗಿಲ್ಲ.

ಇನ್ನು ಟಚಪ್. ಈ ಸ್ಟುಡಿಯೋದ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಅವರ ಕಟ್ಟಳೆ ಸರಳ: ಎರಡು ವಾರದಲ್ಲಿ ತಾನಾಗಿಯೇ ಹೋಗುವಂಥದ್ದನ್ನು, ಅಂದರೆ ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಕನ್ನಡಕದ ಒತ್ತು ಇವನ್ನು ಕೇಳದೆ ತೆಗೆಯುತ್ತಾರೆ. ಹೋಗದೆ ಇರುವಂಥದ್ದನ್ನು, ಅದು ಹಚ್ಚೆಯಿರಲಿ, ಮಚ್ಚೆಯಿರಲಿ, ಸುಟ್ಟ ಕಲೆಯಿರಲಿ, ಕೇಳದೆ ಮುಟ್ಟುವುದಿಲ್ಲ. ನನ್ನ ತೊಗರಿ ಟೊಂಗೆಯ ಬುಡದಲ್ಲಿ ಚಿಕ್ಕಂದಿನಲ್ಲಿ ಕುಡುಗೋಲು ತಗುಲಿದ ಗಾಯದ ಗೆರೆಯಿದೆ. ಹಚ್ಚೆ ಹಾಕಿದವರು ಅದನ್ನೇ ಕಾಂಡದ ಗಂಟಾಗಿ ಬಳಸಿಕೊಂಡಿದ್ದಾರೆ. ಅದನ್ನು ಕೇಳಿ, ಹಾಗೆಯೇ ಬಿಟ್ಟರು. ಆದರೆ ನನ್ನ ಮರೆವಿನಿಂದ ಎದ್ದ ಕೆಂಪು ಗುಳ್ಳೆಗಳಲ್ಲಿ ಒಂದು ಸರಿಯಾಗಿ ಗೆರೆಯ ಮೇಲೆಯೇ ಕುಳಿತಿತ್ತು. ಸಾಮಾನ್ಯ ಹೀಲಿಂಗ್ ಬ್ರಶ್ಶಿನಲ್ಲಿ ಒತ್ತಿದರೆ ಅದು ಪಕ್ಕದ ಖಾಲಿ ಚರ್ಮವನ್ನು ತಂದು ಮುಚ್ಚಿ ಗೆರೆಯನ್ನು ತುಂಡು ಮಾಡುತ್ತದೆ. ಅವರು ಅದೇ ಗೆರೆಯ ಸ್ವಲ್ಪ ಮುಂದಿನ ಭಾಗವನ್ನು ನಕಲು ಮಾಡಿ, ದಪ್ಪ ಹೊಂದಿಸಿ, ಗೆರೆಯ ದಿಕ್ಕಿನಲ್ಲಿಯೇ ಎಳೆದು ಕೂರಿಸಿದರು. ಶೇಕಡಾ ನಾಲ್ಕು ನೂರಕ್ಕೆ ಹಿಗ್ಗಿಸಿದ ಪರದೆಯ ಮೇಲೆ ಅದನ್ನು ನೋಡುತ್ತಿದ್ದಾಗ ಕೌದಿಯ ಹೊಲಿಗೆ ನೆನಪಾಯಿತು.

ಚರ್ಮದ ಬಣ್ಣ ಒಂದು ಪದರ, ಅದರ ನವಿರು ಮತ್ತು ಗೆರೆ ಇನ್ನೊಂದು ಪದರ ಎಂದು ಬೇರ್ಪಡಿಸಿ ಕೆಲಸ ಮಾಡುವ ಒಂದು ಪದ್ಧತಿ ಟಚಪ್ ಮಾಡುವವರಲ್ಲಿ ಬಹಳ ಪ್ರಚಲಿತ, ಫ್ರೀಕ್ವೆನ್ಸಿ ಸೆಪರೇಶನ್ ಎನ್ನುತ್ತಾರೆ. ಹಚ್ಚೆಯಿಲ್ಲದ ಮುಖಕ್ಕೆ ಅದು ಸರಿ. ಹಚ್ಚೆಯ ಅಂಚು ಒಂದು ಪದರದಲ್ಲಿ, ಒಳಬಣ್ಣ ಇನ್ನೊಂದರಲ್ಲಿ ಹಂಚಿಹೋಗುವುದರಿಂದ, ಬಣ್ಣದ ಪದರವನ್ನು ನುಣುಪು ಮಾಡಿದ ಕೂಡಲೇ ಒಳಗಿನ ಮಸಿ ಸುತ್ತಲಿನ ಚರ್ಮಕ್ಕೆ ಸೋರಿ, ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡುತ್ತದೆ. ಇವರು ಹಚ್ಚೆಯ ಸುತ್ತ ಮೊದಲು ಬೇಲಿ ಹಾಕಿ, ಅದರ ಹೊರಗೆ ಮಾತ್ರ ಆ ಪದ್ಧತಿಯನ್ನು ಬಳಸುತ್ತಾರೆ. ಒಳಗಡೆ ಕೈಯಿಂದಲೇ, ಬೆಳಕು ನೆರಳನ್ನು ಚೂರು ಚೂರಾಗಿ ಏರಿಸಿ ಇಳಿಸುತ್ತಾರೆ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ 2019ರಲ್ಲಿ ಬಂದ, ನವಿರನ್ನು ಏರಿಳಿಸುವ ಟೆಕ್ಸ್ಚರ್ ಸೌಲಭ್ಯವನ್ನು ಹಚ್ಚೆಯ ಮೇಲೆ ಸ್ವಲ್ಪ ಹೆಚ್ಚಿಸಿ, ಕೆನ್ನೆಯ ಮೇಲೆ ಸ್ವಲ್ಪ ತಗ್ಗಿಸುತ್ತಾರೆ, ಅಷ್ಟೇ.

ಹಳೆಯ ಹಚ್ಚೆಯನ್ನು ಹೊಸದರಂತೆ ತಿದ್ದಿ ಬರೆಯಲು ಅವರು ಒಪ್ಪುವುದಿಲ್ಲ. ಆಯಿಯ ಹಣೆಯ ಗೆರೆಗಳು ಕಾಲಾಂತರದಲ್ಲಿ ಹರಡಿ ದಪ್ಪವಾಗಿವೆ, ಮಸಿಯ ಕಪ್ಪು ನೀಲಿಹಸಿರಿಗೆ ತಿರುಗಿದೆ. ನಿಜದಲ್ಲಿ ಮಸಿ ಇಂದಿಗೂ ಕಪ್ಪೇ. ಮೇಲಿನ ಚರ್ಮ ಬೆಳಕಿನ ನೀಲಿ ಅಂಶವನ್ನು ಹೆಚ್ಚು ಚದುರಿಸಿ ನಮ್ಮ ಕಣ್ಣಿಗೆ ಹಿಂದಿರುಗಿಸುವುದರಿಂದ ಹಾಗೆ ಕಾಣುತ್ತದೆ. ಅದನ್ನು ಕಪ್ಪು ಮಾಡಿಕೊಡಿ ಎಂದು ನನ್ನ ಅಣ್ಣ ಒತ್ತಾಯಿಸಿದಾಗ ಅವರು, “ಹಂಗ ಮಾಡಿದ್ರ ನಿನ್ನೆ ಹಾಕ್ಸಿದಂಗ ಕಾಣ್ತದ್ರಿ, ಆಯಿ ವಯಸ್ಸಿಗೂ ಅದಕ್ಕೂ ಕೂಡಿ ಬರಾಂಗಿಲ್ಲ” ಎಂದು ಮೃದುವಾಗಿಯೇ ನಿರಾಕರಿಸಿದರು.

ಅಣ್ಣನ ಸಮಾಧಾನಕ್ಕೆಂದು ಅವರು ಸೂಚಿಸಿದ ದಾರಿ ಕಪ್ಪುಬಿಳುಪಿನದು, ನನ್ನ ಮಟ್ಟಿಗೆ ಅಂದಿನ ದೊಡ್ಡ ಕಲಿಕೆಯೂ ಅದೇ. ಬಣ್ಣದ ಫೈಲನ್ನು ಕಪ್ಪುಬಿಳುಪಿಗೆ ತಿರುಗಿಸುವಾಗ ಕೆಂಪು, ಹಸಿರು, ನೀಲಿ ಮೂರು ಅಂಶಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ನಾವೇ ನಿರ್ಧರಿಸಬಹುದು. ನೀಲಿಯ ಪಾಲನ್ನೇ ಪೂರ್ತಿ ತೆಗೆದುಕೊಂಡಾಗ ಆಯಿಯ ಮುಖ ಕಪ್ಪಗಾಗಿ, ಪ್ರತಿ ಕಲೆಯೂ ಎದ್ದು, ಹಚ್ಚೆ ಮಾತ್ರ ಮುಖದಲ್ಲಿ ಕರಗಿ ಕಾಣದಾಯಿತು. ಕೆಂಪಿನ ಪಾಲಿಗೆ ತಿರುಗಿಸಿದಾಗ ಚರ್ಮ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗಿ, ಹಚ್ಚೆ ಕಪ್ಪಾಗಿ ನಿಂತಿತು. ನೀಲಿ ಬೆಳಕು ಬಹುಮಟ್ಟಿಗೆ ಚರ್ಮದ ಮೇಲ್ಭಾಗದಲ್ಲಿಯೇ ಹೀರಿಹೋಗುತ್ತದೆ ಇಲ್ಲವೆ ಚದುರಿ ಮರಳುತ್ತದೆ, ಮಸಿಯವರೆಗೆ ಇಳಿಯುವುದು ತೀರ ಕಡಿಮೆ. ಕೆಂಪು ಬೆಳಕು ಆಳಕ್ಕೆ ಇಳಿದು, ಮಸಿ ಇಲ್ಲದ ಕಡೆ ಮರಳಿ ಬರುತ್ತದೆ, ಇರುವ ಕಡೆ ಅಲ್ಲಿಯೇ ಉಳಿಯುತ್ತದೆ. ಒಂದು ಗೆರೆಯನ್ನೂ ತಿದ್ದದೆ, ಇದ್ದದ್ದನ್ನೇ ಕಾಣಿಸುವ ಉಪಾಯ ಇದು. ಅಣ್ಣನೂ ಸುಮ್ಮನಾದ.

ಇದಕ್ಕೊಂದು ಹಳೆಯ ಕಥೆಯನ್ನೂ ಅವರು ಹೇಳಿದರು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಇಂಗ್ಲಿಷಿನವನು ಪ್ರಕಟಿಸಿದ, ಒದ್ದೆ ಗಾಜಿನ ಫಲಕದ ಮೇಲೆ ಫೋಟೋ ತೆಗೆಯುವ ಪದ್ಧತಿ ಬಹುತೇಕ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ನ್ಯೂಜಿಲೆಂಡಿನ ಮಾವೊರಿ ಜನರನ್ನು ಆ ಫಲಕಗಳಲ್ಲಿ ಚಿತ್ರಿಸಿದಾಗ ಅವರ ಮುಖದ ಮೇಲಿನ ಮೋಕೋ ಹಚ್ಚೆ ಮಸುಕಾಗಿ, ಕೆಲವೊಮ್ಮೆ ಕಾಣದೆಯೇ ಹೋಗುತ್ತಿತ್ತು. ಅಂದು ರಸಾಯನಕ್ಕೆ ಹಚ್ಚೆ ಕಾಣಿಸದೆ ಅಳಿಸಿತು. ಇಂದು ನಮ್ಮ ಫೋನುಗಳ ಬ್ಯೂಟಿ ಮೋಡ್‌ಗೆ ಅದು ಚೆನ್ನಾಗಿ ಕಾಣುತ್ತದೆ, ಕಂಡು ಅಳಿಸುತ್ತದೆ.

ದೂರುಗಳೂ ಇವೆ. ಮೆಟ್ಟಿಲು ಕಡಿದಾಗಿದ್ದು, ಹಿಡಿದುಕೊಳ್ಳಲು ಒಂದು ಕಡೆ ಮಾತ್ರ ಆಸರೆಯಿದೆ. ಆಯಿಯನ್ನು ನಾವಿಬ್ಬರು ಹಿಡಿದು ಹತ್ತಿಸಬೇಕಾಯಿತು. ಮುಪ್ಪಿನವರ ಹಚ್ಚೆಯ ಫೋಟೋ ತೆಗೆಯುವ ಸ್ಟುಡಿಯೋ ನೆಲಮಹಡಿಯಲ್ಲಿರಬೇಕಿತ್ತು. ಎಸಿ ಇಲ್ಲ, ನಡುವೆ ಇಪ್ಪತ್ತು ನಿಮಿಷ ಕರೆಂಟ್ ಹೋಗಿ, ಬೆವರಿದ ಹಣೆಯನ್ನು ಮತ್ತೆ ಮೊದಲಿನಿಂದ ಒತ್ತಿ ಒರೆಸಬೇಕಾಯಿತು. ಹತ್ತು ದಿನ ಎಂದವರು ಇಪ್ಪತ್ತೆರಡನೆಯ ದಿನ ಚಿತ್ರ ಕೊಟ್ಟರು, ನಡುವೆ ಮದುವೆಗಳ ಸುಗ್ಗಿ ಬಂದಿತ್ತಂತೆ, ಫೋನ್ ಮಾಡಿ ತಿಳಿಸಬಹುದಿತ್ತು. ಮುದ್ರಣ ಅವರಲ್ಲಿಲ್ಲ, ಹೊರಗಿನ ಲ್ಯಾಬಿಗೆ ಕಳಿಸುತ್ತಾರೆ. ಮೊದಲ ಸಾರಿ ಬಂದ ಪ್ರತಿಯಲ್ಲಿ ಲ್ಯಾಬಿನ ಯಂತ್ರ ತಾನಾಗಿಯೇ ಬಣ್ಣ ಸರಿಪಡಿಸಿ ಆಯಿಯನ್ನು ಮತ್ತೊಮ್ಮೆ ಬೆಳ್ಳಗೆ ಮಾಡಿಟ್ಟಿತ್ತು. ಚರ್ಮವನ್ನು ತಿಳಿ ಮಾಡಿದರೆ ಅದರೊಡನೆ ಹಚ್ಚೆಯೂ ತಿಳಿಯಾಗುತ್ತದೆ. ಇಷ್ಟೆಲ್ಲ ಮಾಡಿದ ಶ್ರಮ ಯಂತ್ರದ ಒಂದು ಆಯ್ಕೆಯಿಂದ ನೀರಾಗಿತ್ತು. ಅವರು ಆ ಪ್ರತಿಯನ್ನು ನಮ್ಮ ಕೈಗೆ ಕೊಡದೆ, ಯಂತ್ರದ ತಿದ್ದುಪಡಿ ಬೇಡವೆಂದು ಬರೆದು ತಮ್ಮ ಖರ್ಚಿನಲ್ಲಿಯೇ ಮತ್ತೆ ಮುದ್ರಿಸಿ ತರಿಸಿದರು. ಕೇಳದಿದ್ದರೆ ಹೊಳಪಿನ ಕಾಗದದ ಮೇಲೆ ಬರುತ್ತದೆ, ನೀವು ಮ್ಯಾಟ್ ಕಾಗದವನ್ನೇ ಕೇಳಿ. ಹೊಳಪು ತೆಗೆಯಲು ಅಷ್ಟು ಹೆಣಗಿದವರು ಅದನ್ನು ಕಾಗದದ ಮೇಲೆ ಮರಳಿ ತರುವುದೇಕೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಹಣದ ಲೆಕ್ಕ ಹೀಗಿದೆ. ಒಬ್ಬರಿಗೆ 1,800 ರೂಪಾಯಿ, ಅದರಲ್ಲಿ ಟಚಪ್ ಆದ ಮೂರು ಫೈಲುಗಳು ಸೇರುತ್ತವೆ. 12×18 ಇಂಚಿನ ಮ್ಯಾಟ್ ಮುದ್ರಣಕ್ಕೆ 450 ರೂಪಾಯಿ ಬೇರೆ, ಕಟ್ಟು ನಾವೇ ಹಾಕಿಸಬೇಕು. ಆ ಅಳತೆಗೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3600×5400 ಚುಕ್ಕಿಗಳ ಫೈಲು ಬೇಕು, ವಾಟ್ಸಾಪಿನಲ್ಲಿ ಬಂದ ಪ್ರತಿಯಿಂದ ಮುದ್ರಿಸಬೇಡಿ, ಪೆನ್‌ಡ್ರೈವ್ ಒಯ್ಯಿರಿ. ಊರಿನ ದರಕ್ಕೆ ಹೋಲಿಸಿದರೆ ಇದು ದುಬಾರಿಯೇ. ಮೊದಲ ಸ್ಟುಡಿಯೋದಲ್ಲಿ ನಾವು ಇದರ ಮೂರನೇ ಒಂದು ಪಾಲು ಕೊಟ್ಟಿದ್ದೆವು, ಆ ಫೋಟೋ ಇಂದು ಕಪಾಟಿನ ಮೇಲೆ ಮಗುಚಿ ಬಿದ್ದಿದೆ. ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಬಿಸಿಲೇರಿದ ಮೇಲೆ ಆ ಕೋಣೆಯಲ್ಲಿ ಕೂರಲಾಗದು.

ಎರಡನೆಯ ಫೋಟೋ ಬಂದ ದಿನ ಆಯಿ ಅದನ್ನು ಮಡಿಲಲ್ಲಿಟ್ಟುಕೊಂಡು, ಹಣೆಯ ಗೆರೆಯ ಆಚೀಚೆ ಇದ್ದ ಎರಡು ಚುಕ್ಕಿಗಳನ್ನು ಉಗುರಿನಿಂದ ಎಣಿಸಿ, ಗದ್ದದ ಮೂರನ್ನೂ ಎಣಿಸಿ, ಐದು ಸರಿಯಾಗಿವೆ ಎಂದಳು. ಆಮೇಲೆ ಸೆರಗು ಸರಿಸಿ, “ರಟ್ಟಿ ಮ್ಯಾಲ ಚೇಳು ಅದಲ್ಲ, ಅದನ್ಯಾರು ತಗೀತಾರ?” ಎಂದು ಕೇಳಿದಳು. ಸ್ಟುಡಿಯೋಗೆ ಫೋನ್ ಮಾಡಿ ದೀಪಾವಳಿ ಕಳೆದ ಮೇಲಿನ ಒಂದು ಬುಧವಾರ ಹಿಡಿದಿದ್ದೇನೆ. ಮೆಟ್ಟಿಲಿನ ಇನ್ನೊಂದು ಕಡೆಗೂ ಆಸರೆ ಹಾಕಿಸಿರಿ ಎಂದು ಅದೇ ಫೋನಿನಲ್ಲಿ ಹೇಳಿದ್ದೇನೆ, ಹಾಕಿಸುತ್ತೇನೆ ಎಂದಿದ್ದಾರೆ.